ಕ್ಯಾಂಟೀನ್ ಹಲಗೆಗೆ ಏರಿದ ಕಾಲುಗಳು

ಸೋತವನ ಕಾಲು ಗೆದ್ದವನ ಕಾಲಿಗಿಂತ ಹೆಚ್ಚು ನೋಯುತ್ತದೆ. ಯಾವ ಪುಸ್ತಕದಲ್ಲೂ ಓದಿದ ಮಾತಲ್ಲ ಇದು. ವಾಡಿ ಹತ್ತಿರದ ಒಂದು ಸಿಮೆಂಟ್ ಫ್ಯಾಕ್ಟರಿಯ ದವಾಖಾನೆಯಲ್ಲಿ ಫುಟ್‌ಬಾಲ್ ಆಟಗಾರರ ಹಿಮ್ಮಡಿ ಹಿಡಿದು ಹಿಡಿದು ಕಲಿತದ್ದು. ಈಚೆಗೆ ಫಿಜಿಯೋಥೆರಪಿ ಓದು ಮುಗಿಸಿದ ಹುಡುಗಿಯೊಬ್ಬಳು ಮನೆಗೆ ಬಂದು, "ನಿಮ್ಮ ಕಾಲದಾಗ ಕಾಲಿನ ತಾಕತ್ ಅಳೀಲಿಕ್ಕ ಮಷೀನ್ ಏನಿತ್ರಿ ಸರ?" ಎಂದು ಕೇಳಿದಳು. "ಬಿ.ಪಿ. ನೋಡೋ ಡಬ್ಬಿ ಇತ್ತವ್ವ" ಎಂದೆ. ನಕ್ಕಳು. ನಗುವಂಥದ್ದೇ. ಅವಳಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಗುವ ಭಾಗ ಮೊದಲೇ ಮುಗಿದುಹೋಗುತ್ತದೆ, ಅಷ್ಟು ಹೇಳಿಬಿಡುತ್ತೇನೆ.

ನಾನು ಸೇಡಂ ಕಡೆಯವನು. ಹೈದರಾಬಾದಿನಲ್ಲಿ ಕಲಿತು, ಇನ್ನೂ ಮೈಸೂರು ರಾಜ್ಯ ಎನ್ನುತ್ತಿದ್ದ ಕಾಲದಲ್ಲಿ ಆ ಫ್ಯಾಕ್ಟರಿಗೆ ಸೇರಿದೆ. ಚೀಲ ಹೊತ್ತು ಬೆನ್ನು ಹಿಡಿದವರು, ಏಣಿಯಿಂದ ಬಿದ್ದವರು, ಭುಜ ಏಳದವರು, ಇವರೇ ನನ್ನ ದಿನನಿತ್ಯದ ಗಿರಾಕಿಗಳು. ನಾನು ಓದಿದ್ದಕ್ಕೆ ಉದ್ದನೆಯ ಹೆಸರಿತ್ತು; ಕಾರ್ಮಿಕರು ನನ್ನನ್ನು ಕರೆಯುತ್ತಿದ್ದುದು ಮಾತ್ರ ಮಾಲೀಶ್ ಮಾಸ್ತರ್ ಎಂದು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅದೇ ಹೆಸರಿಗೆ ತಿರುಗಿ ನೋಡುವುದು ರೂಢಿಯಾಯಿತು. ಬಡ್ತಿ ಒಮ್ಮೆ ಬಂತು. ಕುರ್ಚಿಗೆ ಕೈ ಬಂದವು, ಬೇರೇನೂ ಬದಲಾಗಲಿಲ್ಲ.

ವಾಡಿ ಜಂಕ್ಷನ್ನಿನಲ್ಲಿ ಫುಟ್‌ಬಾಲಿನ ಹುಚ್ಚು ಹಚ್ಚಿದವರು ರೈಲ್ವೆಯವರು. ಫ್ಯಾಕ್ಟರಿಗಳು ಬಂದ ಮೇಲೆ ಒಂದೊಂದಕ್ಕೂ ಒಂದೊಂದು ಟೀಮು. ಭಾನುವಾರ ಪಂದ್ಯ. ಮೈದಾನವೆಂದರೆ ಫರ್ಸಿ ಎನ್ನುವ ಹಾಸುಗಲ್ಲಿನ ಮೇಲೆ ತೆಳ್ಳಗೆ ಹರಡಿದ ಮಣ್ಣು. ಬಿದ್ದವನ ಮೊಣಕಾಲು ಮೂರು ವಾರ ಒಣಗುತ್ತಿರಲಿಲ್ಲ. ಆಡುವವರಲ್ಲಿ ಬಹುಪಾಲು ಬದಲಿಗಳು, ಎಂದರೆ ಕಾಯಂ ಆದವನು ರಜೆ ಹಾಕಿದ ದಿನ ಮಾತ್ರ ಕೂಲಿ ಸಿಗುವವರು. ಟೀಮಿನಲ್ಲಿ ಗಟ್ಟಿಯಾಗಿ ನಿಂತರೆ ಮುಂದೆ ಕಾಯಂ ಮಾಡುತ್ತಾರೆ ಎಂಬ ಒಂದು ಮಾತಿನ ಮೇಲೆ ಅವರ ಬದುಕು ನಡೆದಿತ್ತು. ಆದ್ದರಿಂದ ಅವರು ಚೆಂಡಿಗೆ ಒದೆಯುತ್ತಿರಲಿಲ್ಲ, ನೌಕರಿಗೆ ಒದೆಯುತ್ತಿದ್ದರು. ಹೊಸದಾಗಿ ಈ ಕೆಲಸಕ್ಕೆ ಬರುವವರು ಕಾಲು ಮುಟ್ಟುವ ಮುನ್ನ ಇದನ್ನು ತಿಳಿದುಕೊಳ್ಳಬೇಕು.

ನಮ್ಮ ದೊಡ್ಡ ಡಾಕ್ಟರರದು ಹಳೆಯ ಪದ್ಧತಿ. ಪಂದ್ಯ ಆಡಿ ಕುಂಟುತ್ತ ಬಂದವನನ್ನು ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿ, "ನೋವದ ಏನಪಾ?" ಎನ್ನುವರು. "ಇಲ್ರಿ ಸಾಹೇಬ್ರ" ಎನ್ನುವನು ಅವನು. "ಹೋಗು, ಆಡು." ಅಲ್ಲಿಗೆ ತಪಾಸಣೆ ಮುಗಿಯಿತು. ನೋವಿದೆ ಎಂದವನಿಗೆ ಟೀಮಿನಲ್ಲಿ ಜಾಗವಿಲ್ಲವೆಂದು ಗೊತ್ತಿದ್ದ ಮೇಲೆ ಯಾರು ತಾನೆ ಹೌದೆಂದಾರು? ಹೀಗೆ ಹೌದೆನ್ನದೆ ಆಡಿ ತೊಡೆಯ ಹಿಂದಿನ ಸ್ನಾಯು ಹರಿದುಕೊಂಡವರು ಒಂದೇ ಚಳಿಗಾಲದಲ್ಲಿ ನಾಲ್ಕು ಜನ.

ಆಮೇಲೆ ಗುಲಬರ್ಗಾದಿಂದ ಒಬ್ಬ ಸಣ್ಣ ಡಾಕ್ಟರ್ ಬಂದರು. ವಯಸ್ಸಿನಲ್ಲಿ ಸಣ್ಣವರು, ಅದಕ್ಕೆ ಆ ಹೆಸರು. ಕಾಲೇಜಿನಲ್ಲಿ ಸ್ವತಃ ಆಡಿ ಕಾಲು ಕೆಡಿಸಿಕೊಂಡಿದ್ದವರು. "ಬಾಯಿಗಿ ಕೇಳಿದ್ರ ಸುಳ್ಳ ಹೇಳ್ತದ ಮಾಸ್ತರ್, ಕಾಲಿಗೇ ಕೇಳೋಣ" ಎಂದು ಒಂದು ಉಪಾಯ ತೆಗೆದರು. ಆಟಗಾರ ನೆಲದ ಮೇಲೆ ಅಂಗಾತ ಮಲಗಬೇಕು. ಒಂದು ಮೊಣಕಾಲು ಮಡಿಸಿ ಹಿಮ್ಮಡಿಯನ್ನು ಸ್ಟೂಲಿನ ಮೇಲೆ ಇಡಬೇಕು. ಹಿಮ್ಮಡಿಯ ಕೆಳಗೆ ತೋಳಿಗೆ ಸುತ್ತುವ ಬಿ.ಪಿ. ಪಟ್ಟಿ, ಅದರಲ್ಲಿ ಅರ್ಧಂಬರ್ಧ ಗಾಳಿ. ಸೊಂಟ ಎತ್ತದೆ ಹಿಮ್ಮಡಿಯಿಂದಲೇ ಪಟ್ಟಿಯನ್ನು ಒತ್ತಬೇಕು. ಒತ್ತಿದಷ್ಟೂ ಪಾದರಸ ಏರುತ್ತದೆ. ಅದೇ ತೊಡೆಯ ಹಿಂಭಾಗದ ಬಲ. ಓಡುವವನ ಕಾಲನ್ನು ಹಿಡಿದು ನಿಲ್ಲಿಸುವುದು ಆ ಸ್ನಾಯು, ದಣಿದಾಗ ಹರಿಯುವುದೂ ಅದೇ.

ಮೊದಲ ದಿನ ಮಲಗಿದವನು ಬಸಲಿಂಗ. ಶಹಾಬಾದಿನ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವರ ಮಗ, ನಮ್ಮ ಟೀಮಿನ ಬ್ಯಾಕ್. ತಂದೆ ಕಲ್ಲಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋಗಿದ್ದ. ತಾಯಿ ನಿಂಗವ್ವನ ಮನೆ ಇವನ ಬದಲಿ ಕೂಲಿಯ ಮೇಲೆ ನಿಂತಿತ್ತು. ಮಾತು ಕಡಿಮೆ, ಮೈಯೆಲ್ಲ ಕೆಲಸ. "ಒತ್ತಪ್ಪಾ" ಎಂದೆ. ಒತ್ತಿದ ನೋಡಿ, ಪಾದರಸ ಸರ್ರನೆ ಏರಿ ಮೇಲಿನ ಮುಚ್ಚಳ ಹಾರಿಸಿ ಹೊರಗೆ ಬಿತ್ತು! ನೆಲದ ತುಂಬ ಬೆಳ್ಳಿ ಹನಿಗಳು. ಆಟಗಾರರು ಬೆಂಕಿಪೆಟ್ಟಿಗೆ ಹಿಡಿದು ಅದನ್ನು ಬಾಚಿಕೊಳ್ಳಲು ಮುಗಿಬಿದ್ದರು. ದವಾಖಾನೆಗೆ ಇದ್ದುದು ಅದೊಂದೇ ಬಿ.ಪಿ. ಡಬ್ಬಿ. ದೊಡ್ಡ ಡಾಕ್ಟರ್ ಒಳಗಿನಿಂದ ಬಂದು, "ಇವ್ನ ಬಿ.ಪಿ. ಎಷ್ಟದರೀ ಹಂಗಾರ?" ಎಂದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಸಲಿಂಗ ಒಬ್ಬನೇ ಹೆದರಿ ಕೈಮುಗಿದು ನಿಂತಿದ್ದ. "ಸರ, ನನ್ನ ತೆಗೀತಾರೇನ್ರಿ?"

ಆಮೇಲೆ ಗಡಿಯಾರದಂತೆ ಮುಳ್ಳು ತಿರುಗುವ ಡಬ್ಬಿ ತರಿಸಿದರು. ಸಣ್ಣ ಡಾಕ್ಟರ್ ನನಗೆ ಕಲಿಸಿದ್ದು ಒಂದೇ ಪಾಠ: ಒಬ್ಬನ ಕಾಲನ್ನು ಇನ್ನೊಬ್ಬನ ಕಾಲಿನ ಜೊತೆ ಹೋಲಿಸಬಾರದು. ಪಂದ್ಯಕ್ಕೆ ಮುನ್ನ ಅವನು ಎಷ್ಟು ಒತ್ತುತ್ತಿದ್ದ, ಪಂದ್ಯದ ಮರುದಿನ ಎಷ್ಟು ಇಳಿದ, ಮತ್ತೆರಡು ದಿನಕ್ಕೆ ತನ್ನ ಗುರುತಿಗೆ ತಿರುಗಿ ಬಂದನೇ ಇಲ್ಲವೇ, ಇಷ್ಟೇ ನೋಡಬೇಕು. ಬರದಿದ್ದರೆ ವಿಶ್ರಾಂತಿ. ಆ ವರ್ಷ ನಮಗೆ ಒಂದು ಸಂಗತಿ ಹೊಳೆಯಿತು. ಪಂದ್ಯದ ಮರುದಿನ ಪ್ಯಾಕಿಂಗ್ ಹೌಸಿನಲ್ಲಿ ಚೀಲ ಹೊತ್ತವರ ಮುಳ್ಳು ಮುಂದಿನ ಪಂದ್ಯ ಬಂದರೂ ಮೇಲೇಳುತ್ತಿರಲಿಲ್ಲ. ಸಣ್ಣ ಡಾಕ್ಟರ್ ಜಗಳ ಮಾಡಿ ಆಟಗಾರರಿಗೆ ಸೋಮವಾರ, ಮಂಗಳವಾರ ಹಗುರ ಕೆಲಸ ಕೊಡಿಸಿದರು. ಸ್ನಾಯು ಹರಿಯುವುದು ನಿಂತೇಹೋಯಿತು. ನನ್ನ ವೃತ್ತಿಯಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಸಣ್ಣ ಡಾಕ್ಟರ್ ಹೈದರಾಬಾದಿನಲ್ಲಿ ಬೇರೆ ಕೆಲಸ ಸಿಕ್ಕಿ ಹೋದರು. ಅದೇ ಹೊತ್ತಿಗೆ ಬೆಂಗಳೂರು ಕಡೆಯಿಂದ ಹೊಸ ವೆಲ್ಫೇರ್ ಆಫೀಸರ್ ಬಂದರು. ಟೀಮು ಅವರ ಕೈಗೆ ಹೋಯಿತು. ಕೆಟ್ಟವರಲ್ಲ. ಇಸ್ತ್ರಿ ಮಾಡಿದ ಅಂಗಿ, ಎಲ್ಲರ ಹೆಗಲ ಮೇಲೂ ಕೈ, ಎಲ್ಲದರಲ್ಲೂ ಉತ್ಸಾಹ. ಉತ್ಸಾಹಿಗಳಿಗೆ ನಾನು ಈಗಲೂ ಹೆದರುತ್ತೇನೆ. ಅವರು ನನ್ನ ಕೋಣೆಗೆ ಬಂದು ಪರೀಕ್ಷೆ ನೋಡಿ, "ಇಷ್ಟು ಒಳ್ಳೆ ವಿಷಯ ಬಾಗಿಲು ಹಾಕ್ಕೊಂಡು ಮಾಡ್ತೀರಲ್ಲ ಮಾರಾಯ್ರೆ! ನಾಲ್ಕು ಜನಕ್ಕೆ ಕಾಣಬೇಕು" ಎಂದರು. ಮರುವಾರವೇ ಕ್ಯಾಂಟೀನಿನ ಬಾಗಿಲಿಗೆ ಒಂದು ಕರಿಹಲಗೆ ಬಂತು. ಅದರ ಮೇಲೆ ಸೀಮೆಸುಣ್ಣದಲ್ಲಿ ಆಟಗಾರರ ಹೆಸರು, ಪಕ್ಕದಲ್ಲಿ ಅವರ ಕಾಲಿನ ಅಂಕಿ, ಹೆಚ್ಚಿನವನು ಮೇಲೆ, ಕಡಿಮೆಯವನು ಕೆಳಗೆ.

"ಇದು ಕುಸ್ತಿ ಅಲ್ರಿ ಸಾಹೇಬ್ರ. ಒಬ್ಬಂದು ಒಬ್ಬಂಗ ಹಚ್ಚಿ ನೋಡೂದಲ್ಲ ಇದು" ಎಂದು ನಾನು ಹೇಳಿದೆ.

"ಹುರುಪು ಬರಲಿ ಬಿಡಿ ಮಾಸ್ತರೇ. ನಿಮ್ಮ ಹುಡುಗರು ಮಲಗೋದು ಜಾಸ್ತಿ ಆಗಿದೆ" ಎಂದು ನಕ್ಕರು. ಕೆಳಗಿನ ಮೂವರಿಗೆ ಮುಂದಿನ ಪಂದ್ಯವಿಲ್ಲ ಎಂದೂ ಸಾರಿದರು. ಈ ವರ್ಷ ಕಾಯಂ ಮಾಡುವುದು ಎರಡೇ ಜಾಗ, ಅದೂ ಬೇಸಿಗೆಯ ಫೈನಲ್ ಆಡಿದವರಲ್ಲೇ ಎಂದರು. ಬಸಲಿಂಗನ ಹೆಸರು ಆಗ ಹಲಗೆಯ ಮೇಲ್ತುದಿಯಲ್ಲಿತ್ತು. ಆ ಎರಡರಲ್ಲಿ ಒಂದು ಅವನದೇ ಎಂದು ಇಡೀ ಕ್ಯಾಂಟೀನ್ ಮಾತಾಡುತ್ತಿತ್ತು.

ನಮ್ಮ ಕಡೆ ಕಾಲಿನ ಬಲವೆಂದರೆ ಮರ್ಯಾದೆ. ಊರೂರಿಗೆ ತಾಲೀಮು ಮನೆ. ಕುಸ್ತಿಯ ಕೆಂಪು ಮಣ್ಣು, ತಿರುಗಿಸುವ ಲೋಡು, ಕೂತೆದ್ದು ಹೊಡೆಯುವ ಬೈಠಕ್. ಚಹಾ ಕುಡಿಯಲು ಬಂದವರು ಹಲಗೆ ನೋಡಿ, "ಏನಲೇ, ನಿನ್ನ ಕಾಲಾಗ ಇಷ್ಟ ಏನು? ನಮ್ಮ ಮುದುಕಿ ಇದಕ್ಕಿಂತ ಹೆಚ್ಚ ಒತ್ತತಾಳ" ಎಂದು ಕೆಣಕುವರು. ಮಾತು ತಮಾಷೆಯದು, ಗಾಯ ತಮಾಷೆಯದಲ್ಲ. ಹಲಗೆ ಬಂದ ಸ್ವಲ್ಪ ದಿನಕ್ಕೆ ನನಗೆ ವಿಚಿತ್ರವೊಂದು ಕಾಣತೊಡಗಿತು. ಪಂದ್ಯದ ಮರುದಿನ ಮುಳ್ಳು ಇಳಿಯುವುದು ಸಹಜ. ಆದರೆ ಬುಧವಾರಕ್ಕೆ ಏರುವ ಬದಲು ಇನ್ನೂ ಇಳಿಯುತ್ತಿತ್ತು. ಒಬ್ಬಿಬ್ಬರದಲ್ಲ, ಅರ್ಧ ಟೀಮಿನದು. ಹಗುರ ಕೆಲಸ ಹಾಗೆಯೇ ಇತ್ತು, ಊಟಕ್ಕೆ ಮೊಟ್ಟೆ ಹಾಲು ಸೇರಿತ್ತು. ಡಬ್ಬಿ ಕೆಟ್ಟಿರಬೇಕೆಂದು ನನ್ನದೇ ಕಾಲಿಟ್ಟು ನೋಡಿದೆ, ಡಬ್ಬಿ ಸರಿಯಿತ್ತು. ಹುಡುಗರನ್ನು ಕೇಳಿದೆ. "ಏನಿಲ್ರಿ ಮಾಸ್ತರ್, ಮಲಗೇ ಇರ್ತೀವ್ರಿ" ಎಂದರು. ಆಫೀಸರ್ ಮಾತ್ರ ತಕ್ಷಣ ತೀರ್ಪು ಕೊಟ್ಟರು: "ಸೋಮಾರಿತನ. ಮೈ ಬಗ್ಗಿಸಿದರೆ ತಾನೇ ಬಲ ಬರುತ್ತೆ."

ಬೇಸಿಗೆ ಬಂತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲಿನ ಮೊದಲ ಬೇಸಿಗೆ. ಆ ವರ್ಷದ ಬಿಸಿಲನ್ನು ನಾನು ಮರೆಯಲಾರೆ. ಫರ್ಸಿ ಹಾಸಿದ ಅಂಗಳದಲ್ಲಿ ಬರಿಗಾಲಿಡಲು ಆಗುತ್ತಿರಲಿಲ್ಲ. ನಮ್ಮವರು ಸೆಮಿಫೈನಲ್ ಗೆದ್ದರು. ಮರುದಿನ ಬಸಲಿಂಗ ನನ್ನ ಮುಂದೆ ಮಲಗಿ ಒತ್ತಿದ. ಮುಳ್ಳು ಅವನ ಗುರುತಿಗಿಂತ ಬಹಳ ಕೆಳಗೆ ನಿಂತಿತು. ಪಂದ್ಯದ ಕೊನೆಯವರೆಗೂ ಓಡಿದ್ದಾನೆ, ಸಹಜವೇ ಎಂದುಕೊಂಡೆ. ಅವನು ಎದ್ದು ಕುಳಿತು ಮುಳ್ಳನ್ನೇ ನೋಡಿದ.

"ಇದು ಹಲಗಿ ಮ್ಯಾಲ ಬರೀತಾರೇನ್ರಿ?"

"ಬರೀತಾರಪಾ. ನೀ ತಲಿ ಕೆಡಿಸ್ಕೋಬ್ಯಾಡ. ಎರಡ ದಿವಸ ಸುಮ್ಮ ಬಿದ್ಕೊ, ತಾನೇ ಬರ್ತದ."

"ಬಿದ್ಕೊಂಡ್ರ ಹ್ಯಾಂಗ ಬರ್ತದ್ರಿ ತಾಕತ್?" ಎಂದ. ನನ್ನನ್ನು ಹುಚ್ಚನೆಂಬಂತೆ ನೋಡಿದ. ಅವನ ಮನೆತನದಲ್ಲಿ ಮಲಗಿ ಬಲ ಗಳಿಸಿದವರು ಯಾರೂ ಇರಲಿಲ್ಲ.

ಸಂಜೆ ಹಲಗೆಯ ಮೇಲೆ ಅವನ ಹೆಸರು ಎಲ್ಲರಿಗಿಂತ ಕೆಳಗೆ ಬಂತು. ಬುಧವಾರ ಅವನು ಪರೀಕ್ಷೆಗೆ ಬರಲಿಲ್ಲ. ಬೆಳಗ್ಗೆ ಟೀಮಿನ ಗೋಲ್‌ಕೀಪರ್ ಇಸ್ಮಾಯಿಲ್ ಓಡಿಬಂದು, "ಮಾಸ್ತರ್, ಬಸಲಿಂಗ ಏಳಲಿಕ್ಕ ಒಲ್ಲ. ಪೇಶಾಬ್ ಚಹಾದ ಕಷಾಯದಂಗ ಕರ್ರಗ ಆಗ್ಯಾದ" ಎಂದ. ಶಹಾಬಾದಿಗೆ ಹೋದೆ. ನಿಂಗವ್ವ ಬಾಗಿಲಲ್ಲಿ ನಿಂತಿದ್ದಳು. ಮಗ ಚಾಪೆಯ ಮೇಲಿದ್ದ. ತೊಡೆಗಳು ಊದಿ ಕಲ್ಲಾಗಿದ್ದವು. ನಾನು ಬೆರಳಿಟ್ಟ ಕೂಡಲೇ ಅಷ್ಟು ಗಟ್ಟಿ ಗಂಡಸು ಚೀರಿದ. ದವಾಖಾನೆಯ ಜೀಪಿನಲ್ಲಿ ಕರೆತಂದೆವು. ದೊಡ್ಡ ಡಾಕ್ಟರ್ ನೋಡಿ, "ಬಿಸಲ ಬಡದದ" ಎಂದು ಗ್ಲೂಕೋಸ್ ಏರಿಸಿದರು. ಸಂಜೆಗೆ ಮೂತ್ರವೇ ನಿಂತಿತು. ಆಗ ಗುಲಬರ್ಗಾಕ್ಕೆ ಸಾಗಿಸಿದರು.

ಅಲ್ಲಿನ ಡಾಕ್ಟರ್ ನನ್ನನ್ನು ಹೊರಗೆ ಕರೆದು ಕೇಳಿದರು: "ಇವನ ಮ್ಯಾಲ ಕಲ್ಲಗಿಲ್ಲ ಬಿದ್ದಿತ್ತೇನು? ಗ್ವಾಡಿ ಬಿದ್ದು ಅದರ ಕೆಳಗ ಸಿಕ್ಕವರಿಗಿ ಹಿಂಗಾಗ್ತದ. ಮಾಂಸ ಒಡದು ರಕ್ತದಾಗ ಸೇರ್ಯಾದ, ಕಿಡ್ನಿ ಕಟ್ಟ್ಯಾದ." ಏನೂ ಬಿದ್ದಿಲ್ಲ ಎಂದೆ. ಪಕ್ಕದಲ್ಲಿದ್ದ ಇಸ್ಮಾಯಿಲ್ ಅಳಲು ಶುರುಮಾಡಿದ. ಆಗ ಹೊರಬಿತ್ತು ಎಲ್ಲ. ಹಲಗೆ ಬಂದಂದಿನಿಂದ ಅವರೆಲ್ಲ ಪರೀಕ್ಷೆಗೆ ಮುನ್ನ ಕುಸ್ತಿ ಕಲಿಸುವ ಖಾಜಾಮಿಯಾ ಉಸ್ತಾದರ ತಾಲೀಮಿಗೆ ಹೋಗಿ ಬೈಠಕ್ ಹೊಡೆಯುತ್ತಿದ್ದರು. ಅಂಕಿ ಇಳಿದರೆ ಇನ್ನಷ್ಟು ಬೈಠಕ್. ಇನ್ನಷ್ಟು ಹೊಡೆದದ್ದಕ್ಕೆ ಅಂಕಿ ಇನ್ನಷ್ಟು ಇಳಿಯುವುದು. ದಣಿದ ಕಾಲಿಗೆ ವಿಶ್ರಾಂತಿ ಕೊಡಿಸಲು ಹುಟ್ಟಿದ ಪರೀಕ್ಷೆ, ದಣಿದ ಕಾಲನ್ನೇ ಅರೆದು ಹಾಕುವ ಗಿರಣಿಯಾಗಿತ್ತು. ಹೇಳಿದರೆ ನಾನು ನಿಲ್ಲಿಸುತ್ತೇನೆಂದು ನನ್ನೊಬ್ಬನಿಗೆ ಮುಚ್ಚಿಟ್ಟಿದ್ದರು. ಬಸಲಿಂಗ ಸೋಮವಾರ ಸಂಜೆಯೂ ಮಂಗಳವಾರ ಇಡೀ ದಿನವೂ, ಕಾದ ತಗಡಿನ ಮಾಡಿನ ಕೆಳಗೆ, ನೀರು ಕುಡಿದರೆ ಮೈ ಭಾರವಾಗುತ್ತದೆಂದು ನೀರೂ ಕುಡಿಯದೆ ಬೈಠಕ್ ಹೊಡೆದಿದ್ದ.

ಎಚ್ಚರವಿದ್ದಾಗ ಅವನು ಕೇಳಿದ್ದು ಒಂದೇ ಮಾತು, "ಸರ, ಫೈನಲ್‌ಕ ನನ್ನ ಹೆಸರ ಅದ ಇಲ್ರಿ?" ಅದ ಎಂದೆ. ಹಲಗೆಯ ಮೇಲೆ ಹೆಸರಿತ್ತು, ಕೆಳಗೆ. ಫೈನಲ್ಲಿನ ಮುನ್ನಾದಿನ ಬೆಳಗ್ಗೆ ಅವನು ತೀರಿಕೊಂಡ. ಹಲವು ಸಾವು ನೋಡಿದವನು ನಾನು, ಸುಣ್ಣದ ಭಟ್ಟಿಯಲ್ಲಿ ಬೆಂದವರನ್ನೂ ನೋಡಿದ್ದೇನೆ. ಆದರೆ ಅಂದು ಆಸ್ಪತ್ರೆಯ ಗೋಡೆಗೆ ತಲೆ ಹಚ್ಚಿ ಅತ್ತಂತೆ ಎಂದೂ ಅತ್ತಿಲ್ಲ.

ತಿರುಗಿ ಬಂದವನು ನೇರ ತಾಲೀಮಿಗೆ ಹೋದೆ. ಖಾಜಾಮಿಯಾ ಉಸ್ತಾದರ ಮೇಲೆ ಕೂಗಾಡಬೇಕೆಂದೇ ಹೋದದ್ದು. ಮುದುಕ ಕೆಂಪು ಮಣ್ಣಿನ ಅಂಚಿಗೆ ಕುಳಿತಿದ್ದರು. "ನಾ ಬಸ್ ಅಂದೆ ಮಾಸ್ತರ್. ಖುದಾ ಕಸಮ್, ಎರಡ ಸಲ ಕೈ ಹಿಡದು ಬಸ್ ಅಂದೆ. 'ಹಲಗಿ ಮ್ಯಾಲ ನನ್ನ ಹೆಸರ ಕೆಳಗ ಅದ ಉಸ್ತಾದ್, ಮ್ಯಾಲ ಬರೂತನಕ ಬಿಡಂಗಿಲ್ಲ' ಅಂದ" ಎಂದರು. ಕೂಗಾಡಲು ಹೋದವನು ಅವರ ಪಕ್ಕದಲ್ಲೇ ಕುಳಿತೆ.

ಆಫೀಸರಿಗೆ ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಳಿಚಿತು, ಅದು ನಟನೆಯಲ್ಲ. ಆದರೂ, "ನಮ್ಮ ದೊಡ್ಡ ಡಾಕ್ಟರು ಬಿಸಿಲು ಅಂತ ಬರೆದಿದ್ದಾರಲ್ಲ ಮಾಸ್ತರೇ. ವ್ಯಾಯಾಮ ಮಾಡಿ ಯಾರಾದರೂ ಸಾಯ್ತಾರೆಯೇ?" ಎಂದರು. ದೊಡ್ಡ ಡಾಕ್ಟರರೂ ಅದನ್ನೇ ಅಂದರು. ಶಹಾಬಾದಿಗೆ ಹೋಗಿ ನಿಂಗವ್ವನಿಗೂ ಬಿಡಿಸಿ ಹೇಳಿದೆ. ಅವಳು ಬಹಳ ಹೊತ್ತು ಕೇಳಿಸಿಕೊಂಡು, "ಬೈಠಕ್ ಹೊಡದ್ರ ಸಾಯ್ತಾರೇನ ಯಪ್ಪಾ? ಅವರಪ್ಪ ದಿನಾ ಹಾಸಗಲ್ಲ ಎತ್ತತಿದ್ದ. ಕೂಸಿಗಿ ಬಿಸಲ ಬಡೀತು, ನನ್ನ ನಸೀಬ" ಎಂದಳು. ಬಲದಿಂದ ಸಾವು ಬರುತ್ತದೆಂದು ಆ ಊರಿನಲ್ಲಿ ಒಬ್ಬರೂ ನಂಬಲು ತಯಾರಿರಲಿಲ್ಲ. ನಂಬಿದ್ದವರು ನಾನು, ಇಸ್ಮಾಯಿಲ್, ಆ ಮುದುಕ ಉಸ್ತಾದ್.

ಹಲಗೆಯನ್ನು ನಾನೇ ಒಂದು ಮಧ್ಯಾಹ್ನ ಎಲ್ಲರೆದುರು ಕಿತ್ತು ತಂದೆ. ಯಾರೂ ತಡೆಯಲಿಲ್ಲ. ಆದರೆ ಹಲಗೆ ಕಿತ್ತರೆ ಏನು ಬಂತು, ಅದು ಅಷ್ಟರಲ್ಲಿ ಎಲ್ಲರ ತಲೆಯೊಳಗೆ ಬರೆದಾಗಿತ್ತು. ಈಗ ಹೊಸ ಮಷೀನು ತಂದ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟು. ಆಟಗಾರನ ಕಾಲು ಅಳೆಯಿರಿ, ಆದರೆ ನಿನ್ನೆ ಸಂಜೆ ಏನು ಮಾಡಿದೆ ಎಂದು ಕೇಳದೆ ಅಂಕಿ ನಂಬಬೇಡಿ. ಅವನ ಅಂಕಿಯನ್ನು ಅವನಿಗಲ್ಲದೆ ಇನ್ನೊಬ್ಬರಿಗೆ ತೋರಿಸಬೇಡಿ. ಮೇಲಿನವರು ತೋರಿಸು ಎನ್ನುತ್ತಾರೆ. ಜಗಳ ಮಾಡಿ.

ಆ ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ, ಆಫೀಸರ್ ತಮ್ಮ ಕೈಲಾದ ಉಪಕಾರ ಮಾಡಿದರು. ಬಸಲಿಂಗನ ತಮ್ಮ ಮಲ್ಲಪ್ಪನನ್ನು ಬದಲಿಯಾಗಿ ತೆಗೆದುಕೊಂಡು, ಅವನೂ ಆಡುತ್ತಾನೆಂದು ತಿಳಿದು ಟೀಮಿಗೆ ಸೇರಿಸಿ, ಪರೀಕ್ಷೆಗೆ ನನ್ನಲ್ಲಿಗೆ ಕಳಿಸಿದರು. ಮೀಸೆ ಬಂದಿತ್ತು, ಅಣ್ಣನದೇ ಮುಖ. ನಾನು ಏನೂ ಹೇಳುವ ಮುನ್ನವೇ ಚಪ್ಪಲಿ ಬಿಟ್ಟು ನೆಲಕ್ಕೆ ಮಲಗಿದ. ಮನೆಯಲ್ಲಿ ಅಣ್ಣ ತೋರಿಸಿದ್ದನೋ ಏನೋ, ಮೊಣಕಾಲು ಮಡಿಸಿ ಹಿಮ್ಮಡಿಯನ್ನು ಸರಿಯಾಗಿ ಪಟ್ಟಿಯ ಮೇಲೆ ಇಟ್ಟ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ.

"ಸರ, ನಮ್ಮ ಅಣ್ಣಂದು ಎಷ್ಟ ಬರ್ತಿತ್ರಿ? ನಂದು ಅದಕ್ಕಿಂತ ಕಮ್ಮಿ ಬಂದ್ರ ಆಫೀಸಿನ್ಯಾಗ ಈಗೇ ಹೇಳಬ್ಯಾಡ್ರಿ. ಎಂಟ ದಿವಸ ಟೈಂ ಕೊಡ್ರಿ, ನಾ ತಾಲೀಮಿಗಿ ಹೋಗಿ ಏರಿಸ್ಕೊಂಡ ಬರ್ತೀನಿ."

ನಾನು ಅವನ ಕಾಲನ್ನು ಎರಡೂ ಕೈಯಿಂದ ಎತ್ತಿ ಪಟ್ಟಿಯ ಮೇಲಿಂದ ಕೆಳಗಿಟ್ಟೆ.